ಅಂಕೋಲಾದ ಪ್ಯಾಸೆಂಜರ್‌ಗೆ ಎಷ್ಟು ವೇಟೇಜ್?

ಅಂಕೋಲಾದಿಂದ ಕಾರವಾರಕ್ಕೆ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಬೆಂಗಳೂರಲ್ಲಿ ಎಷ್ಟೋ ಜನ ಇಷ್ಟು ದೂರ ದಿನಾ ಆಫೀಸಿಗೆ ಹೋಗಿ ಬರ್ತಾರೆ. ನಮ್ಮ ಎರಡೂ ಊರಲ್ಲಿ ರೈಲ್ವೆ ಸ್ಟೇಷನ್ ಇದೆ, ನಡುವೆ ಹಾರವಾಡದಲ್ಲೂ ಒಂದು ಇದೆ. 1998ರಿಂದ ಪೂರ್ತಿ ಲೈನ್ ಇದೆ. 2022ರಿಂದ ಹಳಿ ಮೇಲೆ ಕರೆಂಟ್ ವೈರೂ ಇದೆ. ಆದರೆ ಅಂಕೋಲಾದಿಂದ ದಿನಾ ಕಾರವಾರಕ್ಕೆ ಕಾಲೇಜು, ಡಿ.ಸಿ. ಆಫೀಸು, ಕೋರ್ಟು, ಆಸ್ಪತ್ರೆ ಅಂತ ಹೋಗೋರನ್ನ "ಹೇಗೆ ಹೋಗ್ತೀರಿ?" ಅಂತ ಕೇಳಿ ನೋಡಿ. ಬಸ್ಸು ಅಂತಾರೆ, ಬೈಕು ಅಂತಾರೆ, ಟೆಂಪೋ ಅಂತಾರೆ. ಟ್ರೇನು ಅನ್ನೋರು ಕಡಿಮೆ.

ಟ್ರೇನ್ ಇಲ್ಲ ಅಂತಲ್ಲ. ಎಷ್ಟೋ ಟ್ರೇನು ಕಣ್ಣೆದುರೇ ಹೋಗ್ತವೆ. ಅವು ನಮಗೆ ಬೇಕಾದ ಹೊತ್ತಿಗೆ, ಬೇಕಾದ ದಿಕ್ಕಿಗೆ ಹೋಗಲ್ಲ, ಅಥವಾ ಹೋದರೂ ನಿಲ್ಲಲ್ಲ. ಇದಕ್ಕೆ ಎಲ್ಲರೂ ಹೇಳೋ ಪರಿಹಾರ "ಇನ್ನೊಂದು ಟ್ರೇನ್ ಬಿಡಿ" ಅಥವಾ "ಆ ಎಕ್ಸ್‌ಪ್ರೆಸ್‌ಗೆ ನಮ್ಮೂರಲ್ಲಿ ಸ್ಟಾಪ್ ಕೊಡಿ". ನನಗೆ ಅನಿಸೋದು ಬೇರೆ. ನಮ್ಮ ಸಮಸ್ಯೆ ಇರೋದು ಟೈಮ್‌ಟೇಬಲ್‌ನಲ್ಲಿ. ಅದರಲ್ಲೂ, ಟೈಮ್‌ಟೇಬಲ್ ಮಾಡುವಾಗ ಯಾರ ಸಮಯವನ್ನ ಲೆಕ್ಕಕ್ಕೆ ತಗೋತಾರೆ, ಯಾರದ್ದನ್ನ ಬಿಡ್ತಾರೆ ಅನ್ನೋದರಲ್ಲಿ. ನಾವು ಎಂಜಿನಿಯರಿಂಗ್ ಓದೋರು. "ಆಪ್ಟಿಮೈಸ್" ಅನ್ನೋ ಪದವನ್ನ ದಿನಕ್ಕೆ ಹತ್ತು ಸಲ ಕೇಳ್ತೀವಿ. ಆದರೆ ಯಾವುದನ್ನ ಆಪ್ಟಿಮೈಸ್ ಮಾಡ್ತಿದೀವಿ ಅಂತ ಕೇಳೋದನ್ನ ಮರೀತೀವಿ.

ತುದಿಯಲ್ಲಿ ಕೂತು ಬರೆದ ಟೈಮ್‌ಟೇಬಲ್

ಮೊದಲು ಒಂದು ಸಣ್ಣ ಲೆಕ್ಕ. ಮಂಗಳೂರಿನಿಂದ ಕಾರವಾರಕ್ಕೆ ಹಳಿಯಲ್ಲಿ ಸುಮಾರು 250 ಕಿ.ಮೀ. ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುವ ಲೋಕಲ್ ಟ್ರೇನ್ ಸರಾಸರಿ ಗಂಟೆಗೆ 45 ಕಿ.ಮೀ. ಹೋಗುತ್ತೆ ಅಂತ ಇಟ್ಕೊಳ್ಳಿ. ಐದೂವರೆ ಗಂಟೆ ಬೇಕು. ಅಂದರೆ ಅದು ಬೆಳಿಗ್ಗೆ 9.30ಕ್ಕೆ ಕಾರವಾರದಲ್ಲಿ ಇರಬೇಕಾದರೆ ಮಂಗಳೂರಿಂದ ನಸುಕಿನ 4 ಗಂಟೆಗೆ ಹೊರಡಬೇಕು. ಆ ಹೊತ್ತಿಗೆ ಮಂಗಳೂರಲ್ಲಿ ಯಾರು ಹತ್ತುತ್ತಾರೆ? ಯಾರೂ ಇಲ್ಲ. ಹಾಗಾಗಿ ಟ್ರೇನನ್ನ ಮಂಗಳೂರಿನವರಿಗೆ ಅನುಕೂಲ ಆಗೋ ಹೊತ್ತಿಗೆ ಬಿಡ್ತಾರೆ. ಅದು ಅಂಕೋಲಾಕ್ಕೆ ಬರುವಷ್ಟರಲ್ಲಿ ಆಫೀಸು ಶುರುವಾಗಿ, ಮೊದಲ ಎರಡು ಪೀರಿಯಡ್ ಮುಗಿದಿರುತ್ತೆ.

ಇನ್ನೊಂದು ತುದಿ ಮಡಗಾಂವ್. ಅಲ್ಲಿಂದ ಬೆಳಿಗ್ಗೆ ಹೊರಟ ಲೋಕಲ್ ದಕ್ಷಿಣಕ್ಕೆ ಬರುತ್ತೆ. ಕಾರವಾರದಿಂದ ಅಂಕೋಲಾಕ್ಕೆ, ಅಲ್ಲಿಂದ ಕುಮಟಾಕ್ಕೆ. ನಮಗೆ ಬೇಕಾಗಿರೋದು ಉಲ್ಟಾ. ಜಿಲ್ಲಾ ಕೇಂದ್ರ ಕಾರವಾರ ಇರೋದು ಜಿಲ್ಲೆಯ ಉತ್ತರದ ತುದಿಯಲ್ಲಿ, ಬೆಳಿಗ್ಗೆ ಜನ ಹೋಗೋದು ಉತ್ತರಕ್ಕೆ, ಸಂಜೆ ವಾಪಸ್ ದಕ್ಷಿಣಕ್ಕೆ.

ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇಲ್ಲ. ಮಂಗಳೂರಿನವರು ತಮಗೆ ಸರಿ ಹೊಂದೋ ಟೈಮ್ ಕೇಳಿದರು, ಗೋವಾದವರು ತಮಗೆ ಬೇಕಾದ್ದು ಕೇಳಿದರು. ಮಧ್ಯದಲ್ಲಿರೋ ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾಗಳಿಗೆ ಉಳಿದ ಟೈಮ್ ಸಿಕ್ಕಿತು. ಗಣಿತವೇ ಹಾಗೆ: ಆರಂಭದ ಸ್ಟೇಷನ್ ಮತ್ತು ಹೊರಡೋ ಹೊತ್ತು ನಿಗದಿಯಾದ ಮೇಲೆ ಮಧ್ಯದ ಎಲ್ಲಾ ಟೈಮೂ ತಾನಾಗೇ ಬಂದುಬಿಡುತ್ತೆ. ಮಧ್ಯದವರಿಗೆ ಸರಿಯಾದ ಟೈಮ್ ಬೇಕಾದರೆ ಟ್ರೇನ್ ಮಧ್ಯದಲ್ಲೇ ಹುಟ್ಟಬೇಕು.

ಇದಕ್ಕೆ ತಮಾಷೆಯ ಸಾಕ್ಷಿ ಪಂಚಗಂಗಾ ಎಕ್ಸ್‌ಪ್ರೆಸ್. 2020ರ ಮಾರ್ಚ್‌ನಲ್ಲಿ ಶುರುವಾದ ಬೆಂಗಳೂರು–ಕಾರವಾರ ರಾತ್ರಿ ಟ್ರೇನ್ ಇದು. ಬೆಂಗಳೂರಲ್ಲಿ ಸಂಜೆ ಹತ್ತಿದವರು ಬೆಳಿಗ್ಗೆ ಕರಾವಳಿ ತಲುಪಲಿ ಅಂತ ಮಾಡಿದ್ದು. ಹಾಗಾಗಿ ಅದು ಬೆಳಿಗ್ಗೆ ಅಂಕೋಲಾ ದಾಟಿ ಕಾರವಾರ ಸೇರುತ್ತೆ, ಸಂಜೆ ಕಾರವಾರದಿಂದ ಹೊರಡುತ್ತೆ. ಅಂದರೆ ಅಂಕೋಲಾ–ಕಾರವಾರ ಓಡಾಡೋರಿಗೆ ದಿಕ್ಕೂ ಸರಿ, ಹೊತ್ತೂ ಹೆಚ್ಚುಕಮ್ಮಿ ಸರಿ! ಆದರೆ ಇದು ಕಾಕತಾಳೀಯ. ಅದು ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟ ಇಳಿದು ಬರಬೇಕು. ಹಿಂದಿನ ರಾತ್ರಿ ಘಟ್ಟದಲ್ಲಿ ಏನಾದರೂ ಆದರೆ ಬೆಳಿಗ್ಗೆ ಅಂಕೋಲಾದಲ್ಲಿ ನಿಂತವನ ಇಂಟರ್ನಲ್ಸ್ ಹೋಯ್ತು. ಬಹುಪಾಲು ಮಲಗೋ ಬೋಗಿಗಳ ಟ್ರೇನಿನಲ್ಲಿ ಅರ್ಧ ಗಂಟೆ ಚಿಲ್ಲರೆ ಪ್ರಯಾಣಕ್ಕೆ ಹತ್ತೋರು ಜನರಲ್ ಬೋಗಿ ಬಾಗಿಲಲ್ಲಿ ನೇತಾಡಬೇಕು. 13–14 ಗಂಟೆಯ ಟ್ರೇನೊಂದು ನಮಗೆ ಅಕಸ್ಮಾತ್ ಲೋಕಲ್ ಆಗಿದೆ. ಅಕಸ್ಮಾತ್ ನಂಬಿಕೊಂಡು ದಿನಾ ಕೆಲಸಕ್ಕೆ ಹೋಗೋಕೆ ಆಗುತ್ತಾ?

ಒಂದೇ ಹಳಿ

"ಹಾಗಾದರೆ ಭಟ್ಕಳದಿಂದಲೋ ಕುಮಟಾದಿಂದಲೋ ಬೆಳಿಗ್ಗೆ ಒಂದು ಲೋಕಲ್ ಬಿಟ್ಟರಾಯ್ತು" ಅಂತೀರಿ. ಇಲ್ಲಿ ನಿಜವಾದ ಎಂಜಿನಿಯರಿಂಗ್ ಶುರುವಾಗುತ್ತೆ.

ಕೊಂಕಣ ರೈಲ್ವೆ ಕಾರ್ಪೊರೇಷನ್ ಹುಟ್ಟಿದ್ದು 1990ರಲ್ಲಿ, ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. ಮಹಾರಾಷ್ಟ್ರದ ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು 740 ಕಿ.ಮೀ. ಲೈನನ್ನ 1998ರ ಜನವರಿ 26ಕ್ಕೆ ದೇಶಕ್ಕೆ ಕೊಟ್ಟರು. ಬೆಟ್ಟ ಕೊರೆದು, ನದಿ ದಾಟಿ ಮಾಡಿದ ಕೆಲಸ. ಹೊನ್ನಾವರದ ಶರಾವತಿ ಸೇತುವೆ ಒಂದೇ 2 ಕಿಲೋಮೀಟರ್‌ಗಿಂತ ಉದ್ದ. ಇಷ್ಟೆಲ್ಲಾ ಖರ್ಚು ಮಾಡಿ ಹಾಕಿದ್ದು ಒಂದೇ ಹಳಿ. 2021ರಲ್ಲಿ ರೋಹಾ–ವೀರ್ ನಡುವೆ 46 ಕಿ.ಮೀ. ಚಿಲ್ಲರೆ ಡಬಲ್ ಆಗಿದೆ. ನಮ್ಮ ಕಡೆ ಇನ್ನೂ ಸಿಂಗಲ್.

ಸಿಂಗಲ್ ಲೈನ್ ಅಂದರೆ ಎದುರುಬದುರಿನ ಎರಡು ಟ್ರೇನು ಒಂದನ್ನೊಂದು ದಾಟಬೇಕಾದರೆ ಒಂದು ಸ್ಟೇಷನ್ನಿನ ಲೂಪ್ ಲೈನ್‌ಗೆ ಹೋಗಿ ಕಾಯಬೇಕು. ನಾವೆಲ್ಲ "ಕ್ರಾಸಿಂಗ್‌ಗೆ ಹಾಕಿದಾರೆ" ಅಂತ ಬೈತಾ ಕೂರೋದು ಇದಕ್ಕೇ. ಹಿಂದಿನಿಂದ ಬರೋ ವೇಗದ ಟ್ರೇನಿಗೆ ದಾರಿ ಬಿಡೋಕೂ ಇದೇ ಲೂಪ್ ಬೇಕು. ಇದರ ಜೊತೆಗೆ ಗೂಡ್ಸ್ ರೈಲು, ಲಾರಿಗಳನ್ನೇ ಹೊತ್ತು ಸುರತ್ಕಲ್‌ವರೆಗೆ ಬರೋ ರೋರೋ ರೈಲು, ಎಲ್ಲವೂ ಇದೇ ಹಳಿಯಲ್ಲಿ.

ಇಂಥ ಹಳಿಯಲ್ಲಿ ದಿನಕ್ಕೆ ಎಷ್ಟು ಟ್ರೇನ್ ಓಡಿಸಬಹುದು? ಭಾರತೀಯ ರೈಲ್ವೆಯಲ್ಲಿ ಬಳಸೋ ಸ್ಕಾಟ್ ಸೂತ್ರ ತುಂಬಾ ಸಿಂಪಲ್. ದಿನದ 1440 ನಿಮಿಷವನ್ನ, ಎರಡು ಸ್ಟೇಷನ್ ನಡುವೆ ನಿಧಾನದ ಟ್ರೇನ್ ತಗೊಳ್ಳೋ ಸಮಯ ಮತ್ತು ಸಿಗ್ನಲ್, ಪಾಯಿಂಟ್ ಕೆಲಸಕ್ಕೆ ಬೇಕಾದ ಸಮಯ ಇವೆರಡರ ಮೊತ್ತದಿಂದ ಭಾಗಿಸಿ, ಬಂದಿದ್ದನ್ನ 0.7ರಿಂದ ಗುಣಿಸಿ. ಉದಾಹರಣೆಗೆ ಓಟಕ್ಕೆ 15 ನಿಮಿಷ, ಸಿಗ್ನಲ್ ಕೆಲಸಕ್ಕೆ 5 ನಿಮಿಷ ಅಂದ್ರೆ ಒಟ್ಟು 20. 1440 ಭಾಗಿಸು 20 ಅಂದ್ರೆ 72. ಅದರ ಶೇಕಡಾ 70, ಅಂದ್ರೆ ಎರಡೂ ದಿಕ್ಕು ಸೇರಿ 50 ಟ್ರೇನ್. ಈಗ ಅದೇ ಎರಡು ಸ್ಟೇಷನ್ ನಡುವೆ ಸರಿಯಾಗಿ ಮಧ್ಯದಲ್ಲಿ ಒಂದು ಕ್ರಾಸಿಂಗ್ ಸ್ಟೇಷನ್ ಕಟ್ಟಿ. ಓಟ ಏಳೂವರೆ ನಿಮಿಷ ಆಯ್ತು, ಒಟ್ಟು ಹನ್ನೆರಡೂವರೆ. ಲೆಕ್ಕ ಮಾಡಿದರೆ 80 ಟ್ರೇನ್! ಒಂದು ಇಂಚೂ ಡಬಲ್ ಲೈನ್ ಹಾಕದೆ.

ಇದು ಬರೀ ಪುಸ್ತಕದ ಮಾತಲ್ಲ. ಕೊಂಕಣ ರೈಲ್ವೆ ಈಚಿನ ವರ್ಷಗಳಲ್ಲಿ ಹೀಗೇ ಹೊಸ ಕ್ರಾಸಿಂಗ್ ಸ್ಟೇಷನ್‌ಗಳನ್ನ ಕಟ್ಟಿದೆ. ಅದರಲ್ಲಿ ನಮ್ಮ ರಾಜ್ಯದಲ್ಲಿರೋದು ಎರಡು: ಉಡುಪಿ ದಾಟಿದ ಮೇಲೆ ಸಿಗೋ ಇನ್ನಂಜೆ, ಮತ್ತೆ ಗೋಕರ್ಣ ರೋಡ್–ಕುಮಟಾ ನಡುವಿನ ಮಿರ್ಜಾನ್. ಮಿರ್ಜಾನ್ ಕೋಟೆ ನೋಡೋಕೆ ಹೋದವರು ಅಲ್ಲಿರೋ ಸ್ಟೇಷನ್ ನೋಡಿ "ಇಲ್ಯಾಕೆ ಇದು?" ಅಂದುಕೊಂಡಿರಬಹುದು. ನಮ್ಮ ಲೋಕಲ್‌ಗೆ ಜಾಗ ಸಿಗೋ ಸಾಧ್ಯತೆ ಇರೋದು ಅಂಥ ಕಡೆಗಳಲ್ಲೇ. ಪ್ರಶ್ನೆ ಏನಂದ್ರೆ, ಹೀಗೆ ಹುಟ್ಟಿದ ಹೊಸ ಜಾಗವನ್ನ ಯಾರಿಗೆ ಕೊಡ್ತಾರೆ?

ಗ್ರೀಡಿ ಅಲ್ಗಾರಿದಮ್

ಡಿ.ಎ.ಎ. ಓದಿದವರಿಗೆ ಗ್ರೀಡಿ ಅಲ್ಗಾರಿದಮ್ ಗೊತ್ತು: ಪ್ರತಿ ಹಂತದಲ್ಲೂ ಆ ಕ್ಷಣಕ್ಕೆ ದೊಡ್ಡದು ಅನಿಸಿದ್ದನ್ನ ತಗೊಳ್ಳೋದು. ಮುಂದೆ ಏನಾಗುತ್ತೆ ಅಂತ ನೋಡಲ್ಲ. ರೈಲ್ವೆಯ ಪ್ರಯಾರಿಟಿ ಪಟ್ಟಿಯೂ ಹೆಚ್ಚುಕಮ್ಮಿ ಹೀಗೇ. ರಾಜಧಾನಿ, ವಂದೇ ಭಾರತ್ ಮೊದಲು, ಆಮೇಲೆ ಸೂಪರ್‌ಫಾಸ್ಟ್, ಆಮೇಲೆ ಎಕ್ಸ್‌ಪ್ರೆಸ್, ಕೊನೆಗೆ ಪ್ಯಾಸೆಂಜರ್. ದೊಡ್ಡ ಟ್ರೇನ್ ಬರ್ತಿದೆ ಅಂದ್ರೆ ಸಣ್ಣದು ಬದಿಗೆ ಸರಿಯಬೇಕು.

ಈ ನಿಯಮ ಯಾವಾಗಲೂ ಸರಿಯಾ? ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಲೋಕಲ್, 500 ಜನ, 'ಅ' ಸ್ಟೇಷನ್ ತಲುಪಿದೆ. ಎದುರಿಂದ 800 ಜನರ ಎಕ್ಸ್‌ಪ್ರೆಸ್ ಬರ್ತಾ ಇದೆ, ಅದು ಇನ್ನು 8 ನಿಮಿಷಕ್ಕೆ ಮುಂದಿನ 'ಬ' ಸ್ಟೇಷನ್ನಿಗೆ ಬರುತ್ತೆ. 'ಬ'ದಿಂದ 'ಅ'ಗೆ ಅದಕ್ಕೆ 10 ನಿಮಿಷ. ಪ್ರಯಾರಿಟಿ ಪ್ರಕಾರ ಲೋಕಲ್ 'ಅ'ದಲ್ಲೇ ಕಾಯಬೇಕು: 18 ನಿಮಿಷ. ಐನೂರು ಜನರ 18 ನಿಮಿಷ ಅಂದ್ರೆ 9000 ಜನ-ನಿಮಿಷ ಹಾಳು. ಬದಲಿಗೆ ಲೋಕಲ್ ಅನ್ನ ಬಿಟ್ಟುಬಿಟ್ಟರೆ? ಅದು ಸುಮಾರು 13 ನಿಮಿಷಕ್ಕೆ 'ಬ' ಸೇರುತ್ತೆ. ಎಕ್ಸ್‌ಪ್ರೆಸ್ ಅಲ್ಲಿ 5 ನಿಮಿಷ ಕಾಯುತ್ತೆ, ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯೋಕೆ 2 ನಿಮಿಷ ಸೇರಿಸಿ, ಒಟ್ಟು 7. ಎಂಟುನೂರು ಜನರ 7 ನಿಮಿಷ ಅಂದ್ರೆ 5600. ಜನರ ಸಮಯ ಲೆಕ್ಕಕ್ಕೆ ತಗೊಂಡರೆ ಎರಡನೇದೇ ಒಳ್ಳೇದು. ಟ್ರೇನಿನ 'ದರ್ಜೆ' ಲೆಕ್ಕಕ್ಕೆ ತಗೊಂಡರೆ ಮೊದಲನೇದು.

ಇನ್ನೂ ಒಂದು ವಿಷಯ. ಮುಂಬಯಿಗೆ ಹೋಗೋನಿಗೆ ಹದಿನೈದು ಗಂಟೆಯ ಪ್ರಯಾಣದಲ್ಲಿ 7 ನಿಮಿಷ ಅಂದ್ರೆ ಒಂದು ಚಹಾ ಕುಡಿದಷ್ಟು. ಅಂಕೋಲಾದಿಂದ ಕಾರವಾರಕ್ಕೆ ಹೋಗೋನಿಗೆ 18 ನಿಮಿಷ ಅಂದ್ರೆ ಪ್ರಯಾಣದ ಅರ್ಧ. ಒಂದು ವಾರ ಹೀಗಾದರೆ ಅವನು ಟ್ರೇನ್ ಬಿಟ್ಟು ಬೈಕ್ ಹತ್ತುತ್ತಾನೆ. ಆಮೇಲೆ "ಲೋಕಲ್‌ಗೆ ಜನ ಇಲ್ಲ" ಅಂತ ವರದಿ ಬರುತ್ತೆ.

ಹಾಗಂತ ಯಾವಾಗಲೂ ಎಕ್ಸ್‌ಪ್ರೆಸ್ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಆ 7 ನಿಮಿಷ ತಡವಾದ ಎಕ್ಸ್‌ಪ್ರೆಸ್ ಮುಂದೆ ಇನ್ನೊಂದು ಟ್ರೇನಿನ ಕ್ರಾಸಿಂಗ್ ಕೆಡಿಸಬಹುದು, ಅದು ಮತ್ತೊಂದರದ್ದು. ಮುಂಬಯಿ ಕಡೆ ಅದಕ್ಕೆ ಕೊಟ್ಟ ಹೊತ್ತು ತಪ್ಪಿದರೆ ಅಲ್ಲಿ ಇನ್ನೂ ಕಾಯಬೇಕು. ಕಂಟ್ರೋಲ್ ರೂಮಿನಲ್ಲಿ ಕೂತ ಸೆಕ್ಷನ್ ಕಂಟ್ರೋಲರ್ ಇದನ್ನೆಲ್ಲಾ ಯೋಚಿಸಿಯೇ ನಿರ್ಧಾರ ಮಾಡ್ತಾರೆ. ಆ ಕೆಲಸ ಸುಲಭ ಅಲ್ಲ. ನನ್ನ ಮಾತು ಇಷ್ಟೇ: ಯಾವುದನ್ನ ನಿಲ್ಲಿಸಬೇಕು ಅನ್ನೋದು ಟ್ರೇನಿನ ಹೆಸರಿಂದ ನಿರ್ಧಾರ ಆಗಬಾರದು, ಪೂರ್ತಿ ಲೈನಿನ ಲೆಕ್ಕದಿಂದ ಆಗಬೇಕು. ಆ ಲೆಕ್ಕದಲ್ಲಿ ನಮ್ಮವರ ನಿಮಿಷಕ್ಕೂ ಒಂದು ವೇಟೇಜ್ ಇರಬೇಕು.

ಇದು ಸಾಧ್ಯನಾ ಅಂದ್ರೆ, ಜಗತ್ತಿನಲ್ಲಿ ಮಾಡಿದಾರೆ. ಸಿಂಗಲ್ ಲೈನ್ ವೇಳಾಪಟ್ಟಿ ಅಂದ್ರೆ ನಾವು ಓದೋ ಜಾಬ್ ಶಾಪ್ ಶೆಡ್ಯೂಲಿಂಗ್ ಥರಾನೇ. ಟ್ರೇನುಗಳು ಜಾಬ್, ಎರಡು ಸ್ಟೇಷನ್ ನಡುವಿನ ತುಂಡು ಹಳಿ ಮಷೀನ್, ಒಂದು ಮಷೀನಲ್ಲಿ ಒಂದು ಹೊತ್ತಿಗೆ ಒಂದೇ ಜಾಬ್. ಇದು ಎನ್‌ಪಿ-ಹಾರ್ಡ್ ಸಮಸ್ಯೆ ನಿಜ, ಆದರೆ ಒಳ್ಳೇ ಉತ್ತರ ಹುಡುಕೋ ವಿಧಾನಗಳಿವೆ. ನೆದರ್‌ಲ್ಯಾಂಡ್ಸ್ ರೈಲ್ವೆ ತನ್ನ ಇಡೀ ದೇಶದ ವೇಳಾಪಟ್ಟಿಯನ್ನ ಆಪರೇಷನ್ಸ್ ರಿಸರ್ಚ್ ಬಳಸಿ ಹೊಸದಾಗಿ ಮಾಡಿ, 2008ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಗೆದ್ದಿತು. ನಮ್ಮ ಭಾರತೀಯ ರೈಲ್ವೆಯೂ ಸುಮ್ಮನೆ ಕೂತಿಲ್ಲ. ಹಳೇ ಟೈಮ್‌ಟೇಬಲ್‌ಗೆ ತೇಪೆ ಹಾಕೋದು ಬಿಟ್ಟು ಖಾಲಿ ಹಾಳೆಯಿಂದ ಬರೆಯೋ 'ಝೀರೋ ಬೇಸ್ಡ್' ಟೈಮ್‌ಟೇಬಲ್ ಕೆಲಸಕ್ಕೆ 2020ರ ಹೊತ್ತಿಗೆ ಐಐಟಿ ಬಾಂಬೆಯ ನೆರವು ತಗೊಂಡಿತ್ತು. ಅಂದ್ರೆ ಅಲ್ಗಾರಿದಮ್ ನಮ್ಮ ದೇಶದಲ್ಲೇ ಇದೆ. ಆದರೆ ಅಲ್ಗಾರಿದಮ್ ತಾನಾಗಿ ನ್ಯಾಯ ಮಾಡಲ್ಲ. ಆಬ್ಜೆಕ್ಟಿವ್ ಫಂಕ್ಷನ್‌ನಲ್ಲಿ ಏನು ಬರೀತೀವೋ ಅದನ್ನೇ ಮಾಡುತ್ತೆ. "ವೇಗದ ಟ್ರೇನುಗಳ ಒಟ್ಟು ಸಮಯ ಕಡಿಮೆ ಮಾಡು" ಅಂದ್ರೆ ಅದು ಎಲ್ಲಕ್ಕಿಂತ ಮೊದಲು ಲೋಕಲ್ ಅನ್ನೇ ಬಲಿ ಕೊಡುತ್ತೆ, ಅದೂ ಅತ್ಯಂತ ದಕ್ಷತೆಯಿಂದ.

ಎಲ್ಲಾ ಟ್ರೇನೂ ಅಂಕೋಲಾದಲ್ಲಿ ನಿಲ್ಲಲಿ?

ಈಗ ನಮ್ಮವರ ತಪ್ಪಿಗೆ ಬರ್ತೀನಿ. 2023ರ ಡಿಸೆಂಬರ್ 30ಕ್ಕೆ ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾಯ್ತು. ಮಧ್ಯದಲ್ಲಿ ಎರಡೇ ಸ್ಟಾಪ್: ಉಡುಪಿ, ಕಾರವಾರ. ಇಂಥ ಪಟ್ಟಿ ಬಂದಾಗೆಲ್ಲ ನಡುವಿನ ಊರಿನವರಿಗೆ ಅನಿಸೋದು ಒಂದೇ, ನಮ್ಮೂರಲ್ಲಿ ಯಾಕಿಲ್ಲ?

ಅನಿಸೋದು ಸಹಜ. ಆದರೆ ಒಂದು ಸ್ಟಾಪಿನ ಬೆಲೆ ಬರೀ 2 ನಿಮಿಷ ಅಲ್ಲ. ವೇಗ ಇಳಿಸಿ, ನಿಂತು, ಮತ್ತೆ ವೇಗ ಏರೋದಕ್ಕೆ ಎಲ್ಲಾ ಸೇರಿ 4–5 ನಿಮಿಷ ಹೋಗುತ್ತೆ. ಅಂಕೋಲಾಕ್ಕೆ ಕೊಟ್ಟರೆ ಕುಮಟಾಕ್ಕೆ ಯಾಕಿಲ್ಲ, ಹೊನ್ನಾವರಕ್ಕೆ ಯಾಕಿಲ್ಲ, ಭಟ್ಕಳಕ್ಕೆ, ಬೈಂದೂರಿಗೆ, ಕುಂದಾಪುರಕ್ಕೆ ಯಾಕಿಲ್ಲ? ಆರು ಊರಿಗೆ ಕೊಟ್ಟರೆ ಅರ್ಧ ಗಂಟೆ ಹೋಯ್ತು, ಎಕ್ಸ್‌ಪ್ರೆಸ್ ಅನ್ನೋ ಹೆಸರು ಮಾತ್ರ ಉಳೀತು. ಅದೂ ಅಲ್ಲದೆ, ದಿನಾ ಕಾಲೇಜಿಗೆ ಹೋಗೋ ಹುಡುಗನಿಗೆ ವಂದೇ ಭಾರತ್ ಸ್ಟಾಪಿನಿಂದ ಏನು ಉಪಯೋಗ? ಆ ದರ ಕೊಟ್ಟು ದಿನಾ ಯಾರು ಹೋಗ್ತಾರೆ? ಪಾಸ್ ನಡೆಯಲ್ಲ. ಸ್ಟಾಪ್ ಸಿಕ್ಕ ದಿನ ಹಾರ ಹಾಕಿ ಫೋಟೋ ತೆಗೆಸೋಕೆ ಚೆನ್ನಾಗಿರುತ್ತೆ, ಅಷ್ಟೇ.

ಸ್ವಿಟ್ಜರ್‌ಲ್ಯಾಂಡಿನವರು ಈ ಜಗಳವನ್ನ ಬೇರೆ ಥರ ಬಿಡಿಸಿದರು. 1982ರಲ್ಲಿ ಇಡೀ ದೇಶಕ್ಕೆ ಪ್ರತಿ ಗಂಟೆ ಅದೇ ನಿಮಿಷಕ್ಕೆ ಟ್ರೇನ್ ಅನ್ನೋ ಪದ್ಧತಿ ತಂದರು. ಆಮೇಲೆ 'ಬಾನ್ 2000' ಅನ್ನೋ ಯೋಜನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆದಷ್ಟು ವೇಗವಾಗಿ ಓಡಿಸೋದು ಅವರ ಗುರಿ ಅಲ್ಲ. ಜಂಕ್ಷನ್ನಿನಲ್ಲಿ ಎಲ್ಲಾ ಟ್ರೇನೂ ಒಂದೇ ಹೊತ್ತಿಗೆ ಸೇರಿ, ಜನ ಇಳಿದು ಹತ್ತೋಕೆ ಎಷ್ಟು ವೇಗ ಬೇಕೋ ಅಷ್ಟು ಸಾಕು. ಎಕ್ಸ್‌ಪ್ರೆಸ್ ದೊಡ್ಡ ಊರಲ್ಲಿ ಮಾತ್ರ ನಿಲ್ಲುತ್ತೆ, ಲೋಕಲ್ ಎಲ್ಲಾ ಕಡೆ ನಿಂತು ಜನರನ್ನ ಅದಕ್ಕೆ ತಂದು ಕೊಡುತ್ತೆ. ಎರಡೂ ಸ್ಪರ್ಧಿಗಳಲ್ಲ, ಜೊತೆಗಾರರು.

ನಮಗೆ ಪ್ರತಿ ಗಂಟೆಗೊಂದು ಟ್ರೇನ್ ಬೇಕಾಗಿಲ್ಲ. ಆ ವಿಚಾರ ಮಾತ್ರ ಬೇಕು. ಉತ್ತರಕ್ಕೆ ಹೋಗೋ ಎಕ್ಸ್‌ಪ್ರೆಸ್ ಕಾರವಾರದಲ್ಲಿ ನಿಲ್ಲುತ್ತೆ ಅಂತಿದ್ದರೆ, ಭಟ್ಕಳ–ಹೊನ್ನಾವರ–ಕುಮಟಾ–ಅಂಕೋಲಾದವರನ್ನ ಹೊತ್ತ ಲೋಕಲ್ ಅದಕ್ಕಿಂತ 15–20 ನಿಮಿಷ ಮೊದಲು ಕಾರವಾರಕ್ಕೆ ಬರಲಿ. ಎಕ್ಸ್‌ಪ್ರೆಸ್‌ಗೆ ಒಂದು ನಿಮಿಷವೂ ನಷ್ಟ ಇಲ್ಲ, ಅದರ ಸೀಟು ತುಂಬುತ್ತೆ. ಕಾರವಾರದ ಸ್ಟೇಷನ್ ಇರೋದು ಊರಾಚೆ ಶಿರವಾಡದಲ್ಲಿ. ಹಾಗಾಗಿ ಅದೇ ಹೊತ್ತಿಗೆ ಎರಡು ಸಿಟಿ ಬಸ್ ಬಂದು ನಿಲ್ಲಲಿ. ಟ್ರೇನಿಳಿದು ಆಟೋದವರ ಜೊತೆ ಚೌಕಾಸಿ ಮಾಡೋ ಪರಿಸ್ಥಿತಿ ಇದ್ದರೆ ಟೈಮ್‌ಟೇಬಲ್ ಎಷ್ಟು ಚೆನ್ನಾಗಿದ್ದರೂ ಉಪಯೋಗ ಇಲ್ಲ. ಜೂನ್ 2023ರಿಂದ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅವರನ್ನ ಟ್ರೇನಿಗೆ ಕರೆಯೋಕೆ ಪಾಸಿನ ಕಡಿಮೆ ದರ ಸಾಲದು, ಮನೆಯಿಂದ ಕ್ಲಾಸಿನವರೆಗೆ ನಿಜವಾಗಲೂ ಬೇಗ ತಲುಪಿಸಬೇಕು.

ರೇಕ್ ಎಲ್ಲಿಂದ ತರೋದು? ಗೋವಾದ ಉತ್ತರ ತುದಿಯ ಪೆಡ್ನೆಯಿಂದ ಬರೋ ಲೋಕಲ್ ಕಾರವಾರಕ್ಕೆ ಬಂದು ಮುಗಿಯುತ್ತೆ. ಗೋವಾಕ್ಕೆ ಕೆಲಸಕ್ಕೆ, ಬಾಂಬೋಳಿ ಆಸ್ಪತ್ರೆಗೆ ಹೋಗೋ ಕಾರವಾರದವರಿಗೆ ಅಂಥ ಟ್ರೇನುಗಳೇ ಆಧಾರ. ಅಂಥ ಒಂದು ಸಂಜೆಯ ಲೋಕಲ್ ಕಾರವಾರದಲ್ಲಿ ಮುಗಿಯೋ ಬದಲು ಕುಮಟಾವರೆಗೋ ಭಟ್ಕಳದವರೆಗೋ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಅಲ್ಲಿಂದ ಉತ್ತರಕ್ಕೆ ಹೊರಟರೆ? ಸಂಜೆ ಕಾರವಾರದಿಂದ ಮನೆಗೆ ಹೋಗೋರಿಗೂ ಆಯ್ತು, ಬೆಳಿಗ್ಗೆ ಬರೋರಿಗೂ ಆಯ್ತು. ಮೆಮು ಆದರೆ ಇನ್ನೂ ಒಳ್ಳೇದು. ಅದರಲ್ಲಿ ಎಂಜಿನ್ ಅಂತ ಒಂದೇ ಇರಲ್ಲ, ಮೋಟಾರುಗಳು ಬೋಗಿಗಳಲ್ಲಿ ಹಂಚಿರುತ್ತವೆ. ಹಾಗಾಗಿ ಬೇಗ ವೇಗ ಹಿಡಿಯುತ್ತೆ, ಹೆಚ್ಚು ಸ್ಟಾಪ್ ಕೊಟ್ಟರೂ ಕಡಿಮೆ ಸಮಯ ಹಾಳು. ತಂತಿ ಎಳೆದಿದ್ದಕ್ಕೆ ನಿಜವಾದ ಲಾಭ ಇದೇ. ಇದಕ್ಕೂ ಖರ್ಚಿದೆ: ರಾತ್ರಿ ನಿಲ್ಲಿಸೋಕೆ ಲೈನ್ ಬೇಕು, ಲೋಕೋ ಪೈಲಟ್, ಗಾರ್ಡ್ ತಂಗೋಕೆ ಜಾಗ ಬೇಕು, ಬೆಳಿಗ್ಗೆ ಪರೀಕ್ಷೆ ಮಾಡೋ ಸಿಬ್ಬಂದಿ ಬೇಕು. ಆದರೆ ಇದು ಹೊಸ ಹಳಿಯ ಖರ್ಚಲ್ಲ.

ಹೊಸ ಹಳಿ ಅಂದಾಗ ನಮ್ಮೂರಲ್ಲಿ ಮಾತು ತಕ್ಷಣ ಹುಬ್ಬಳ್ಳಿ–ಅಂಕೋಲಾ ಲೈನಿಗೆ ಹೋಗುತ್ತೆ. 1999ರಲ್ಲಿ ವಾಜಪೇಯಿ ಪ್ರಧಾನಿಯಾಗಿದ್ದಾಗ ಶಂಕುಸ್ಥಾಪನೆ ಆಯ್ತು. ನಾನು ಹುಟ್ಟೋಕೂ ಮುಂಚೆ! ಕಾಡು, ಹುಲಿ, ಕೋರ್ಟು ಅಂತ ಅದು ಇನ್ನೂ ನಡೀತಾ ಇದೆ. ಬೇಕೋ ಬೇಡವೋ ಅನ್ನೋದು ಬೇರೆಯೇ ಲೇಖನ. ಆದರೆ ಕಾಲು ಶತಮಾನ ಬರದ ಲೈನಿಗೆ ಕಾಯ್ತಾ, ಇರೋ ಲೈನಿನ ಟೈಮ್‌ಟೇಬಲ್ ಬಗ್ಗೆ ಸುಮ್ಮನಿರೋದು ಮಾತ್ರ ನನಗೆ ಅರ್ಥ ಆಗಲ್ಲ.

ಮಳೆಗಾಲದ ಪಾಠ

ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಕೇಳ್ತಿರೋದು ವೇಗ ಅಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಸ್ಪೆಷಲ್ ಟ್ರೇನ್ ವೈಭವವಾಡಿ ಹತ್ತಿರ ಹಳಿ ಮೇಲೆ ಜಾರಿದ್ದ ಗುಡ್ಡಕ್ಕೆ ಗುದ್ದಿ 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅದೇ ಜೂನ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಹಳಿ ತಪ್ಪಿತು. ಮಳೆಗಾಲಕ್ಕೆ ಬೇರೆ ಟೈಮ್‌ಟೇಬಲ್, ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಅನ್ನೋ ನಿಯಮ, ರಾತ್ರಿಯೆಲ್ಲಾ ಹಳಿ ಮೇಲೆ ನಡೆಯೋ ಗಸ್ತಿನವರು, ಇವೆಲ್ಲ ನಮ್ಮ ಜೀವಕ್ಕಾಗಿ ಇವೆ. ತಡ ಆಯ್ತು ಅಂತ ಅವರನ್ನ ಬೈಯೋದು ಸರಿಯಲ್ಲ.

ಆದರೆ ಇಲ್ಲೂ ಟೈಮ್‌ಟೇಬಲ್‌ಗೆ ಒಂದು ಪಾಠ ಇದೆ. ಮಳೆಗಾಲದ ವೇಳಾಪಟ್ಟಿ ಮೊದಲು ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರ್ತಿತ್ತು, 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಒಂದು ಸೆಮಿಸ್ಟರ್ ಪೂರ್ತಿ ಅದರಲ್ಲೇ ಹೋಗುತ್ತೆ! ದೂರದ ಟ್ರೇನಿಗೆ ಗಂಟೆಗಟ್ಟಲೆ ವ್ಯತ್ಯಾಸ ಬರೋದು ಸಹಜ. ನೂರು ಕಿಲೋಮೀಟರ್‌ನ ಲೋಕಲ್‌ಗೆ ಅಷ್ಟು ವ್ಯತ್ಯಾಸ ಆಗಬೇಕಾಗಿಲ್ಲ. ಮೊದಲಿಂದಲೇ ಹತ್ತು ನಿಮಿಷ ಸಡಿಲ ಇಟ್ಟು ಬರೆದರೆ ವರ್ಷಪೂರ್ತಿ ಅದೇ ನಿಮಿಷಕ್ಕೆ ಓಡಿಸಬಹುದು. ದಿನಾ ಹೋಗೋನಿಗೆ ವೇಗಕ್ಕಿಂತ ಖಾತ್ರಿ ಮುಖ್ಯ. 40 ನಿಮಿಷ ಅಂತ ಹೇಳಿ 40 ನಿಮಿಷಕ್ಕೇ ತಲುಪಿಸೋ ಟ್ರೇನ್, 30 ಅಂತ ಹೇಳಿ ಒಮ್ಮೆ 30ಕ್ಕೆ ಒಮ್ಮೆ 70ಕ್ಕೆ ತಲುಪಿಸೋದಕ್ಕಿಂತ ಎಷ್ಟೋ ಮೇಲು. ಸ್ಟ್ಯಾಟಿಸ್ಟಿಕ್ಸ್ ಭಾಷೆಯಲ್ಲಿ ಹೇಳೋದಾದರೆ ಮೀನ್ ಅಲ್ಲ, ವೇರಿಯನ್ಸ್ ಕಡಿಮೆ ಮಾಡಿ.

ರಸ್ತೆ ಇದೆಯಲ್ಲ ಅಂತೀರಾ? 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯ್ತು, ಹೆದ್ದಾರಿ ಬದಿ ಚಹಾ ಅಂಗಡಿಯಲ್ಲಿದ್ದವರು, ಲಾರಿ ನಿಲ್ಲಿಸಿ ಮಲಗಿದ್ದವರು ಮಣ್ಣಿನಡಿ, ಗಂಗಾವಳಿ ನದಿಯಲ್ಲಿ ಹೋದರು. ಮೂರು ವಾರ ಕಳೆಯೋದರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಇದೇ ರಸ್ತೆಯಲ್ಲಿ ನಮ್ಮ ಹುಡುಗರು ದಿನಾ ಮಳೆಯಲ್ಲಿ, ಲಾರಿಗಳ ಮಧ್ಯೆ, ರೇನ್‌ಕೋಟ್ ಹಾಕಿ ಬೈಕ್ ಓಡಿಸ್ತಾರೆ. ಎಲ್ಲರ ಮನೆಯಲ್ಲೂ "ತಲುಪಿದ ಮೇಲೆ ಫೋನ್ ಮಾಡು" ಅಂತಾರೆ. ಟ್ರೇನಿನ ಟೈಮ್ ಸರಿಯಾಗಿದ್ದರೆ ಇವರಲ್ಲಿ ಎಷ್ಟೋ ಜನ ಬೈಕ್ ಮನೆಯಲ್ಲೇ ಬಿಡ್ತಿದ್ದರು. ಟೈಮ್‌ಟೇಬಲ್ ಅನ್ನೋದು ಬರೀ ಅನುಕೂಲದ ವಿಷಯ ಅಲ್ಲ.

ನಾವು ಏನು ಮಾಡಬಹುದು

ಟೈಮ್‌ಟೇಬಲ್ ಮಾಡೋರು ಒಬ್ಬರಲ್ಲ. ಬೆಂಗಳೂರಿಂದ ಬರೋ ಟ್ರೇನ್ ನೈಋತ್ಯ ರೈಲ್ವೆಯಿಂದ ಹೊರಟು, ಮಂಗಳೂರು ಹತ್ತಿರ ದಕ್ಷಿಣ ರೈಲ್ವೆ ದಾಟಿ, ತೋಕೂರಲ್ಲಿ ಕೊಂಕಣ ರೈಲ್ವೆಗೆ ಬರುತ್ತೆ. ಒಬ್ಬರು ಇನ್ನೊಬ್ಬರಿಗೆ ಒಪ್ಪಿಸೋ ನಿಮಿಷವೇ ಉಳಿದಿದ್ದನ್ನ ತೀರ್ಮಾನ ಮಾಡುತ್ತೆ. ಕೊಂಕಣ ರೈಲ್ವೆಯನ್ನ ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡೋ ಮಾತು ನಡೀತಿದೆ. ಆಗ ಹಣ ಬರಬಹುದು, ಡಬಲ್ ಲೈನೂ ಬರಬಹುದು. ಆದರೆ ಈ ಕಾರ್ಪೊರೇಷನ್ ಶುರುವಾದಾಗ ಕರ್ನಾಟಕದ ಪಾಲು ಶೇ. 15 ಇತ್ತು, ನಮ್ಮ ಕರಾವಳಿಯವರು ಭೂಮಿ ಕೊಟ್ಟಿದ್ದರು ಅನ್ನೋದು ವಿಲೀನದ ಕಾಗದದಲ್ಲಿ ಕಳೆದುಹೋಗಬಾರದು. ಮಾತಾಡೋಕೆ ಇದು ಸರಿಯಾದ ಹೊತ್ತು.

ಮಾತಾಡೋದು ಅಂದ್ರೆ ಬರೀ ಮನವಿ ಪತ್ರ ಅಲ್ಲ. "ಲೋಕಲ್ ಬೇಕು" ಅಂತ ಬರೆದ ಪತ್ರ ಫೈಲಿಗೆ ಹೋಗುತ್ತೆ. ನಾವು ಎಂಜಿನಿಯರಿಂಗ್ ಹುಡುಗರು ಹುಡುಗಿಯರು ಕೊಡಬಹುದಾದ್ದು ಲೆಕ್ಕ. ಎರಡು ವಾರ ನಮ್ಮ ಕ್ಯಾಂಪಸ್ಸಲ್ಲಿ ಒಂದು ಸರ್ವೇ ಮಾಡೋಣ: ಯಾವ ಊರಿಂದ, ಎಷ್ಟು ಗಂಟೆಗೆ ಹೊರಟು, ಯಾವುದರಲ್ಲಿ, ಎಷ್ಟು ಖರ್ಚಿನಲ್ಲಿ ಬರ್ತೀರಿ. ಆಫೀಸುಗಳಲ್ಲೂ ಕೇಳೋಣ. ಆಮೇಲೆ ಆ್ಯಪ್‌ನಲ್ಲಿ ಸಿಗೋ ಟೈಮುಗಳನ್ನ ತಗೊಂಡು ಭಟ್ಕಳ–ಕಾರವಾರ ನಡುವಿನ ಟ್ರೇನ್ ಗ್ರಾಫ್ ಬರೆಯೋಣ. ಎಕ್ಸ್ ಆಕ್ಸಿಸ್‌ನಲ್ಲಿ ಸಮಯ, ವೈ ಆಕ್ಸಿಸ್‌ನಲ್ಲಿ ಸ್ಟೇಷನ್, ಪ್ರತಿ ಟ್ರೇನ್ ಒಂದು ಓರೆ ಗೆರೆ. ಫ್ರಾನ್ಸಿನಲ್ಲಿ 19ನೇ ಶತಮಾನದಿಂದ ಹೀಗೇ ಬರೀತಿದ್ದಾರೆ, ನಮ್ಮ ಕಂಟ್ರೋಲ್ ರೂಮಿನ ಚಾರ್ಟೂ ಇದೇ. ಎರಡು ಗೆರೆ ಸೇರೋ ಜಾಗದಲ್ಲಿ ಕ್ರಾಸಿಂಗ್ ಸ್ಟೇಷನ್ ಇರಬೇಕು. ಗೆರೆಗಳ ನಡುವೆ ಖಾಲಿ ಜಾಗ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ಗೂಡ್ಸ್ ಗೆರೆ ಅದರಲ್ಲಿ ಇರಲ್ಲ, ಅದನ್ನ ರೈಲ್ವೆಯವರೇ ಸೇರಿಸಲಿ. ಬೆಳಿಗ್ಗೆ 9.30ಕ್ಕೆ ಮೊದಲು ಕಾರವಾರ ಸೇರೋ ಒಂದು ಗೆರೆಯನ್ನ ನಾವು ಎಳೆದು ತೋರಿಸೋಣ, ಅದು ಯಾವ ಟ್ರೇನನ್ನ ಎಷ್ಟು ನಿಮಿಷ ತಡ ಮಾಡುತ್ತೆ ಅನ್ನೋದನ್ನೂ ಮುಚ್ಚಿಡದೆ ಬರೆಯೋಣ. ಕೊಂಕಣ ರೈಲ್ವೆಗೆ ಪ್ರಯಾಣಿಕರ ಸಲಹಾ ಸಮಿತಿ ಅಂತ ಇದೆ. ಅದರ ಸದಸ್ಯರ ಮೂಲಕ, ಸಂಸದರ ಮೂಲಕ ಮುಂದಿನ ಟೈಮ್‌ಟೇಬಲ್ ಮಾಡೋ ಮೊದಲು ಅದನ್ನ ತಲುಪಿಸೋಣ.

ಅವರು ಒಪ್ಪದೇ ಇರಬಹುದು. ಒಪ್ಪದಿದ್ದರೆ ಯಾವ ಗೆರೆಗೆ ಅಡ್ಡ ಬರುತ್ತೆ ಅಂತ ಕಾರಣ ಹೇಳಬೇಕಾಗುತ್ತೆ. ಆ ಕಾರಣಕ್ಕೆ ನಾವು ಇನ್ನೊಂದು ಗೆರೆ ಎಳೆಯಬಹುದು. "ನೋಡೋಣ" ಅನ್ನೋ ಉತ್ತರಕ್ಕಿಂತ ಅದು ಸಾವಿರ ಪಾಲು ಮೇಲು.

ಸರ್ವೇ ಫಾರ್ಮ್ ಮಾಡೋಕೆ, ಗ್ರಾಫ್ ಬರೆಯೋ ಪ್ರೋಗ್ರಾಂ ಮಾಡೋಕೆ ಯಾರು ಬರ್ತೀರಿ? ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಸಿಕ್ಕಿಲ್ಲ ಅಂತ ಅಲೀತಿರೋರಿಗೆ ಇಲ್ಲೊಂದು ಇದೆ. ಕಾಪಿ ಹೊಡೆಯೋಕೆ ಇದರ ಉತ್ತರ ಇಂಟರ್ನೆಟ್‌ನಲ್ಲಿ ಸಿಗಲ್ಲ ಅನ್ನೋದೊಂದೇ ತೊಂದರೆ.